ಶರೀಫಾ ಬೀ ಹೊಲಿದ ಟಿ.ವಿ. ಆಟ

ಟಿ.ವಿ. ಆಟವನ್ನು ಮೊದಲ ಸಲ ನೋಡಿದಾಗ ಯರ್ರಿಸ್ವಾಮಿ ಅದನ್ನು ಸಿನಿಮಾ ಎಂದೇ ತಿಳಿದ. ಕೊಟ್ಟೂರಿನ ಮಾಬುಸಾಬನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತು, ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಯೊಂದು ಗೋಡೆಯಿಂದ ಗೋಡೆಗೆ ಬಡಿದುಕೊಂಡು ಓಡಾಡುವುದನ್ನು ಬಹಳ ಹೊತ್ತು ನೋಡಿದ. ಹೆಸರು ತೋರಿಸುವುದು ಮುಗಿಯಲಿ, ಕಥೆ ಶುರುವಾಗುತ್ತದೆ ಎಂಬ ನಂಬಿಕೆ ಅವನದು. ಚುಕ್ಕೆ ಕೆಳಗೆ ಬಿದ್ದಾಗಲೆಲ್ಲ ಟೊಂಯ್ ಎಂದು ಸದ್ದಾಗುತ್ತಿತ್ತು, ಮತ್ತೆ ಮೇಲಿಂದ ಇನ್ನೊಂದು ಚುಕ್ಕೆ ಇಳಿಯುತ್ತಿತ್ತು. ಕೊನೆಗೆ, ತಿಳಿದವರ ಗತ್ತಿನಲ್ಲಿ ತಲೆ ಆಡಿಸಿ, “ಫೋಟೋಗ್ರಫಿ ಚಲೋ ಐತ್ರಿ. ಹೀರೋ ಯಾವಾಗ ಬರ್ತಾನ?” ಎಂದು ಕೇಳಿದ.

ಒಳಬಾಗಿಲ ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು. “ಹೀರೋ ಬಂದು ಕುಂತು, ಚಾ ಕುಡದು, ಲೋಟ ಕೆಳಗ ಇಟ್ಟಾನ. ಗುಂಡಿ ಒತ್ತಿದ್ರ ಅಲ್ಲೇನ್ರಿ ಕಥಿ ಮುಂದ ಹೋಗೋದು?”

ಆ ದನಿ ಮಾಬುಸಾಬನ ಹೆಂಡತಿ ಶರೀಫಾ ಬೀಯದು. ಈ ಬರಹ ಅವಳ ಬಗ್ಗೆ. ಯರ್ರಿಸ್ವಾಮಿ ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಶಾಲೆಯೊಂದರಲ್ಲಿ ಸಂಬಳಕ್ಕಿದ್ದ ಮಾಸ್ತರ. ಅವನ ಕೈಕೆಳಗೆ ಕಲಿತವರಿಗೆ ನೌಕರಿ ಸಿಗುತ್ತಿತ್ತು, ಅವನಿಗೆ ಕಲಿಸಲು ಮತ್ತೊಂದು ತಂಡ ಸಿಗುತ್ತಿತ್ತು. ಅವನು ಬೇರೆ ಯಾರೂ ಅಲ್ಲ, ಈ ಸಾಲುಗಳನ್ನು ಬರೆಯುತ್ತಿರುವವನೇ. ‘ನಾನು’ ಎಂದು ಎದೆ ತಟ್ಟಿಕೊಳ್ಳುವಂಥ ಘನಕಾರ್ಯ ಅವನಿಂದ ಆಗಿಲ್ಲವಾದ್ದರಿಂದ ಅವನನ್ನು ಸ್ವಲ್ಪ ದೂರದಲ್ಲೇ ಕೂರಿಸಿದೆ.

ಪರದೆಯ ಮೇಲೆ ಚುಕ್ಕೆ ಕುಣಿಸುತ್ತಿದ್ದದ್ದು ಟಿ.ವಿ.ಗೆ ಸಿಕ್ಕಿಸುವ ಒಂದು ಚಿಕ್ಕ ಕಂಪ್ಯೂಟರು. ಮೈತುಂಬ ರಬ್ಬರಿನ ಗುಂಡಿಗಳಿದ್ದ ಅದನ್ನು ಎಲ್ಲರೂ ‘ಡಬ್ಬಿ’ ಎಂದೇ ಕರೆಯುತ್ತಿದ್ದರು. ಮಾಬುಸಾಬನ ಅಣ್ಣ ಖಾಜಾಸಾಬ್ ಜಿದ್ದಾದಲ್ಲಿ ಒಬ್ಬ ಸಾಹುಕಾರನ ಮನೆಯ ಕಾರು ಓಡಿಸುತ್ತಿದ್ದ. ಸಾಹುಕಾರನ ಮಗನ ಡಬ್ಬಿ ಕೆಟ್ಟಾಗ, “ನಮ್ಮ ತಮ್ಮ ಇಂಥವನ್ನೆಲ್ಲ ಕಣ್ಣು ಮುಚ್ಚಿ ರಿಪೇರಿ ಮಾಡ್ತಾನ” ಎಂದು ದೊಡ್ಡಸ್ತಿಕೆ ಕೊಚ್ಚಿಕೊಂಡು, ಎಂಬತ್ತೈದನೇ ಇಸವಿಯಲ್ಲಿ ರಜಕ್ಕೆ ಬಂದಾಗ ಹೊತ್ತು ತಂದಿದ್ದ. “ಮುಂದಿನ ಸಲ ಬಂದಾಗ ಒಯ್ತೀನಿ. ಆ ಹುಡುಗ ಬಿಡಂಗಿಲ್ಲ, ಕೇಳೇ ಕೇಳ್ತಾನ” ಎಂದು ಹೇಳಿ ಹೋಗಿದ್ದ. ಮಾಬುಸಾಬ್ ಅಂಥದ್ದನ್ನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಬಿಚ್ಚಿದ, ಊದಿದ, ಬಿಟ್ಟುಹೋಗಿದ್ದ ಬೆಸುಗೆ ಹಚ್ಚಿದ. ಡಬ್ಬಿ ಬದುಕಿತು. ಅದರ ಜೊತೆಗೆ ಬಂದಿದ್ದ ಕ್ಯಾಸೆಟ್ಟಿನಲ್ಲಿದ್ದದ್ದು ಆ ಚುಕ್ಕೆಯ ಆಟವೊಂದೇ. ಜೊತೆಗಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಗುಂಡಿಗಳ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಅಕ್ಷರದ ಗುಂಡಿ ಇದ್ದ ಮೇಲೆ ಟೈಪಿಂಗ್ ಮಾಸ್ತರನಿಗೆ ಬಂದೇ ಬರಬೇಕು ಎಂದು ಮಾಬುಸಾಬ್ ತೀರ್ಮಾನಿಸಿ ಯರ್ರಿಸ್ವಾಮಿಯನ್ನು ಕರೆಸಿದ್ದ. ಬರುವುದಿಲ್ಲ ಎಂದು ಹೇಳುವ ಧೈರ್ಯ ಮಾಸ್ತರನಿಗೂ ಆಗಲಿಲ್ಲ.

ಹೀಗೆ ಸಂಜೆ ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಶುರುವಾಯಿತು. ಯರ್ರಿಸ್ವಾಮಿ ಹೊಸ ಆಟಕ್ಕೆಂದು ಪುಸ್ತಕದಲ್ಲಿದ್ದ ಆಜ್ಞೆಗಳನ್ನು ಸಾಲು ಸಾಲು ಹೊಡೆಯುವುದು, ಡಬ್ಬಿ ತಪ್ಪು ಎಂದು ತೋರಿಸುವುದು, ಅವನು ಗುಂಡಿಗಳನ್ನು ಬೈಯುವುದು. ಹೊಡೆದದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿಡಬೇಕಿತ್ತು. ಅದನ್ನು ಮತ್ತೆ ಡಬ್ಬಿಗೆ ಕುಡಿಸುವಾಗ ಟೇಪ್ ರೆಕಾರ್ಡರು ಕುಯ್ಯೋ ಎಂದು ಅಳುತ್ತಿತ್ತು, ಓಣಿಯ ನಾಯಿಗಳೂ ದನಿಗೂಡಿಸುತ್ತಿದ್ದವು.

ಶರೀಫಾ ಬೀ ಒಂದು ದಿನ ಚಹಾ ಇಡಲು ಬಂದವಳು ಪುಸ್ತಕದ ಹಾಳೆಯೊಂದರ ಮುಂದೆ ನಿಂತಳು. ಅದರಲ್ಲಿ ಚೌಕ ಚೌಕದ ಜಾಲ, ಕೆಲವು ಚೌಕ ಕಪ್ಪು, ಕೆಲವು ಬಿಳಿ. ಕಪ್ಪು ಚೌಕಗಳೆಲ್ಲ ಸೇರಿ ಒಂದು ಮನುಷ್ಯನ ಆಕಾರ.

“ಇದು ಕ್ರಾಸ್ ಸ್ಟಿಚ್ ಅಲ್ಲೇನ್ರಿ ಮಾಸ್ತರ?”

“ಅಲ್ರಿ ಆಪಾ, ಇದು ಕಂಪ್ಯೂಟರ್ ಗ್ರಾಫಿಕ್ಸ್ ಅಂತ...”

“ಹೆಸರು ಏನರ ಇರ್ಲಿ. ಮ್ಯಾಟಿ ಬಟ್ಟಿ ಮ್ಯಾಲೆ ಹಾಕೋದು ಇದನ್ನಽ. ನಿಮ್ಮ ಮನುಷ್ಯಾಗ ಕುತ್ತಿಗಿ ಇಲ್ಲ. ತಲಿ ಕೆಳಗಿನ ಸಾಲಿನಾಗ ಎರಡೂ ಕಡಿ ಚೌಕ ಬಿಟ್ಟು ಹಾಕ್ರಿ.”

ಮಾಸ್ತರ ಹಾಗೇ ಬಿಟ್ಟು ಹಾಕಿದ. ಮನುಷ್ಯನಿಗೆ ಕುತ್ತಿಗೆ ಬಂತು. ಅಂದಿನಿಂದ ಆ ಕೋಣೆಯಲ್ಲಿ ಯಾರು ಯಜಮಾನರು ಎಂಬ ಪ್ರಶ್ನೆ ಏಳಲಿಲ್ಲ.

ಅವಳು ಹೂವಿನಹಡಗಲಿಯ ಹುಡುಗಿ. ಐದನೇ ಇಯತ್ತೆಯ ತನಕ ಓದಿ, ಮದುವೆಯಾಗಿ ಕೊಟ್ಟೂರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹೊತ್ತು ಹೋಗಲೆಂದು ಹಿಡಿದ ಸೂಜಿ ಅವಳ ಕೈಯಲ್ಲೇ ನಿಂತಿತ್ತು. ಓಣಿಯ ಅರ್ಧ ಮನೆಗಳ ಗೋಡೆಯ ಮೇಲಿನ ಗಿಳಿ, ನವಿಲು, ಗುಲಾಬಿಗಳೆಲ್ಲ ಅವಳ ದಾರದಿಂದ ಹುಟ್ಟಿದವು. ಈಗ ಪರದೆಯ ಮೇಲೆ ಬರಬೇಕಾದ ಪ್ರತಿಯೊಂದನ್ನೂ ಅವಳು ಮೊದಲು ಚೌಕ ಚೌಕ ನೇಯ್ಗೆಯ ಮ್ಯಾಟಿ ಬಟ್ಟೆಯ ಮೇಲೆ ದಾರದಿಂದ ಹಾಕುತ್ತಿದ್ದಳು. ಯರ್ರಿಸ್ವಾಮಿ ಯಾವ ಚೌಕ ತುಂಬಿದೆ, ಯಾವುದು ಖಾಲಿ ಎಂದು ನೋಡಿ ಅಂಕಿಗಳನ್ನು ಹೊಡೆಯುತ್ತಿದ್ದ. ಎಲ್ಲಾದರೂ ತಪ್ಪಿದರೆ ಅವಳು ದೂರದಿಂದಲೇ, “ಅಲ್ಲಿ ಟಾಕಿ ತಪ್ಪೈತಿ, ಬಿಚ್ಚಿ ಹಾಕ್ರಿ” ಎನ್ನುತ್ತಿದ್ದಳು. ಇವನು ಹೊಲಿಗೆ ಬಿಚ್ಚಿದಂತೆ ಅಂಕಿಗಳನ್ನು ಬಿಚ್ಚಿ ಹಾಕುತ್ತಿದ್ದ.

ಅವರ ಸ್ವಂತದ್ದು ಎನ್ನಬಹುದಾದ ಮೊದಲ ಆಟ ಹರಪನಹಳ್ಳಿ ಬಸ್ ಸ್ಟ್ಯಾಂಡಿನದು. ಬಸ್ಸು ಒಳಗೆ ಬರುತ್ತದೆ, ಇನ್ನೂ ನಿಂತಿರುವುದಿಲ್ಲ, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯಬೇಕು. ಟವೆಲ್ ಹೊರಗೆ ಬಿದ್ದರೆ ನಿಂತು ಹೋಗಬೇಕು. “ಹೆಣ್ಮಗಳ ಉಡಿಯಾಗ ಬಿದ್ರ ಆಟ ಖಲ್ಲಾಸ್. ಹಂಗಽ ಹೊಡೀರಿ” ಎಂದು ಶರೀಫಾ ಬೀ ಕಟ್ಟಪ್ಪಣೆ ಮಾಡಿದ್ದಳು. ಮಾಬುಸಾಬ್ ಟಿ.ವಿ.ಯನ್ನು ಅಂಗಡಿಯ ಮುಂಭಾಗಕ್ಕೆ ತಂದಿಟ್ಟ ದಿನ ಓಣಿಯೇ ನೆರೆಯಿತು. ಟ್ರ್ಯಾಕ್ಟರ್ ಮಾಲೀಕ ಉಚ್ಚಂಗೆಪ್ಪನಂಥ ಹಿರಿಯ ಮನುಷ್ಯ, ಆಟದ ಬಸ್ಸಿನಲ್ಲಿ ಸೀಟು ಸಿಗಲಿಲ್ಲವೆಂದು ಸಿಟ್ಟು ಮಾಡಿಕೊಂಡು ಚಪ್ಪಲಿ ಮೆಟ್ಟಿ ಹೊರಟ. “ಮುಂದಿನ ಬಸ್ಸಿಗೆ ಬರ್ರಿ ಗೌಡ್ರ” ಎಂದು ಒಳಗಿಂದ ದನಿ ಬಂತು.

ಮಾಬುಸಾಬ್ ಹಿಗ್ಗಿನಲ್ಲಿ ಅಂಗಡಿಯ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಸಿದ: ‘ಇಲ್ಲಿ ಟಿ.ವಿ. ಆಟ ಮಾಡಿ ಕೊಡಲಾಗುತ್ತದೆ.’ ಆರ್ಡರ್ ಕೊಡಲು ಬಂದವರು ಯಾರೂ ಇಲ್ಲ. ರೇಡಿಯೋ ರಿಪೇರಿಗೆ ಬಂದವರು ಮಾತ್ರ ಆ ಸಾಲನ್ನು ಜೋರಾಗಿ ಓದಿ, “ಇದೇನಲೇ ಮಾಬು, ವಯಸ್ಸಾದೋನು ಆಟ ಆಡಾಕ ಹತ್ತೀಯಾ?” ಎಂದು ಕೇಳಿ ಹೋಗುತ್ತಿದ್ದರು.

ಇದು ನಡೆಯುತ್ತಿರುವಾಗಲೇ ಹಡಗಲಿಯಿಂದ ಸುದ್ದಿ ಬಂತು. ಶರೀಫಾ ಬೀಯ ತಾಯಿ ಹಮೀದಾ ಬೀಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿ, ಬಾಯಿ ಸೊಟ್ಟಗಾಗಿ, ಮಾತು ಅರ್ಧ ಗಂಟಲಲ್ಲೇ ನಿಂತುಬಿಟ್ಟಿತ್ತು. ಮಗಳು ಹೋಗಿ ಕರೆದುಕೊಂಡು ಬಂದಳು. ಮಂಚ ಹಾಕಲು ಜಾಗವಿದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ. ಹೀಗಾಗಿ ಡಬ್ಬಿ, ಟಿ.ವಿ., ಬಿಚ್ಚಿದ ರೇಡಿಯೋಗಳು, ಹಮೀದಾ ಬೀ ಎಲ್ಲ ಒಂದೇ ಕಡೆ ಆದರು.

ಹಮೀದಾ ಬೀ ಲಂಗ ಉಡುವ ವಯಸ್ಸಿನಿಂದಲೂ ಮಲ್ಲಿಗೆ ಕಿತ್ತವಳು. ಮಲ್ಲಿಗೆ ಕೀಳುವವರಿಗೆ ಹೊತ್ತು ಹುಟ್ಟಿದ ಮೇಲೆ ಕೆಲಸವಿಲ್ಲ. ಮೊಗ್ಗು ಮುಚ್ಚಿದ್ದಾಗಲೇ ಕಿತ್ತು, ಬುಟ್ಟಿಗೆ ಹಾಕಿ, ಒದ್ದೆ ಬಟ್ಟೆ ಹೊದಿಸಿ ಮೊದಲ ಬಸ್ಸಿಗೆ ಏರಿಸಬೇಕು. ಅರಳಿದ ಹೂವು ಊರು ದಾಟುವುದಿಲ್ಲ. ಕೊಟ್ಟೂರಿನ ಮಂಚದ ಮೇಲೂ ಅವಳಿಗೆ ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತಿತ್ತು. ಎಡಗೈ ಕೌದಿಯ ಮೇಲೆ ಓಡಾಡುತ್ತ, ಹೆಬ್ಬೆರಳು ತೋರುಬೆರಳು ಕೂಡಿಸಿ ಏನನ್ನೋ ಚಿವುಟಿ ಚಿವುಟಿ ಪಕ್ಕಕ್ಕೆ ಹಾಕುತ್ತಿತ್ತು.

ಶರೀಫಾ ಬೀ ಅದನ್ನು ಕೆಲವು ದಿನ ನೋಡಿದಳು. ಆಮೇಲೆ ಒಂದು ಸಂಜೆ, ಯರ್ರಿಸ್ವಾಮಿ ಹೊಸ ಆಟವೊಂದಕ್ಕೆ ಕಳ್ಳ ಪೊಲೀಸ್ ಮಾಡೋಣವೇ ಎಂದು ಕೇಳುತ್ತಿರುವಾಗ, “ಕಳ್ಳನೂ ಬ್ಯಾಡ, ಪೊಲೀಸೂ ಬ್ಯಾಡ. ಮಲ್ಲಿಗಿ ತ್ವಾಟ ಮಾಡ್ರಿ” ಅಂದಳು. “ನಮ್ಮಮ್ಮ ಒಂದು ಸಲ ಬುಟ್ಟಿ ತುಂಬಿ ಬಸ್ಸಿಗೆ ಹಾಕ್ಲಿ. ಒಂದಽ ಸಲ. ಒಂದು ಬೆರಳಿಗೆ ಆಗುವಂಗ ಇರ್ಬೇಕು.”

ಆಗಿನ ಅವಳ ಮುಖ ನೋಡಿ ಮಾಸ್ತರನಿಗೆ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಆಟ ಹೀಗಿತ್ತು. ಪರದೆಯ ಮೇಲೆ ಸಾಲು ಗಿಡಗಳು, ಗಿಡದ ತುಂಬ ಮೊಗ್ಗುಗಳು. ಒಂದು ಕೈ ತನ್ನಷ್ಟಕ್ಕೆ ತಾನೇ ಮೊಗ್ಗಿನಿಂದ ಮೊಗ್ಗಿಗೆ ಸರಿಯುತ್ತ ಗಿಡವನ್ನು ಸುತ್ತುತ್ತಿರುತ್ತದೆ. ಬೇಕಾದಲ್ಲಿ ಗುಂಡಿ ಒತ್ತಿದರೆ ಮೊಗ್ಗು ಬುಟ್ಟಿಗೆ. ಒಂದು ಗಿಡ ಮುಗಿದರೆ ಪಕ್ಕದ ಗಿಡ. ಮೂಲೆಯಲ್ಲಿ ಸೂರ್ಯ ಮೆಲ್ಲಗೆ ಏರುತ್ತಾನೆ. ಅವನು ಪೂರಾ ಏರುವುದರೊಳಗೆ ತೋಟ ಮುಗಿದರೆ ಬುಟ್ಟಿ ಬಸ್ಸಿಗೆ. ಮುಗಿಯದಿದ್ದರೆ ಉಳಿದ ಮೊಗ್ಗೆಲ್ಲ ಅರಳಿ ಆಟ ಹಾಳು. ಮಾಬುಸಾಬ್ ಕಾಲಿಂಗ್ ಬೆಲ್ಲಿನ ಬಿಳಿ ಗುಂಡಿಯೊಂದನ್ನು ಸಣ್ಣ ಹಲಗೆಗೆ ಬಿಗಿದು, ವೈರು ಎಳೆದು, ಅತ್ತೆಯ ಎಡಗೈ ಕೆಳಗೆ ಇಟ್ಟ.

ಹಮೀದಾ ಬೀ ಮೊದಲು ಪರದೆಯನ್ನು ಗುರುತು ಸಿಗದ ನೆಂಟರನ್ನು ನೋಡುವಂತೆ ನೋಡಿದಳು. ಮಗಳು ಅವಳ ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿಸಿದಳು. ಒಂದು ಮೊಗ್ಗು ಬುಟ್ಟಿಗೆ ಬಿತ್ತು. ಮುದುಕಿಯ ಹುಬ್ಬು ಏರಿತು. ಮಗಳ ಕೈಯನ್ನು ಸರಿಸಿ ತಾನೇ ಒತ್ತಿದಳು. ಎರಡು ದಿನದಲ್ಲಿ ಮಾಸ್ತರನಿಗಿಂತ ಚೆನ್ನಾಗಿ ಕೀಳತೊಡಗಿದಳು.

ಆದರೆ ತೋಟ ಮುಗಿಯುತ್ತಿರಲಿಲ್ಲ. ಮೊದಲ ಗಿಡದ ಮೊಗ್ಗುಗಳನ್ನೆಲ್ಲ ಚಕಚಕನೆ ಕಿತ್ತವಳು, ಕಡೆಗೆ ಒಂದು ಉಳಿದಾಗ ಸುಮ್ಮನಾಗಿಬಿಡುತ್ತಿದ್ದಳು. ಪರದೆಯ ಕೈ ಆ ಮೊಗ್ಗಿನ ಮೇಲೆ ಬಂದು ಹೋಗಿ, ಬಂದು ಹೋಗಿ, ಕಾಯುತ್ತಿತ್ತು. ಅವಳು ಒತ್ತುತ್ತಿರಲಿಲ್ಲ. ಸೂರ್ಯ ಏರಿ ಎಲ್ಲ ಗಿಡಗಳೂ ಅರಳಿ ಬಿಳಿಚಿಕೊಳ್ಳುತ್ತಿದ್ದವು. ಬಸ್ಸು ಬರುತ್ತಲೇ ಇರಲಿಲ್ಲ.

“ಗುಂಡಿ ಬಿಗಿ ಆಗೈತಿ,” ಎಂದು ಮಾಬುಸಾಬ್ ಸ್ಪ್ರಿಂಗ್ ಬದಲಿಸಿದ. “ಕೈ ಭಾಳ ಜೋರು ಓಡ್ತೈತ್ರಿ,” ಎಂದು ಯರ್ರಿಸ್ವಾಮಿ ಅದನ್ನು ನಿಧಾನ ಮಾಡಿದ. “ಮೊಗ್ಗು ಸಣ್ಣು ಹಾಕೀನಿ, ಆಕಿಗೆ ಕಾಣವಲ್ದು,” ಎಂದು ಶರೀಫಾ ಬೀ ಇದ್ದ ಮೊಗ್ಗುಗಳನ್ನೆಲ್ಲ ಬಿಚ್ಚಿ ದಪ್ಪಗೆ ಹಾಕಿಕೊಟ್ಟಳು. ಮೂವರೂ ತಪ್ಪು ತಮ್ಮದೇ ಇರಬೇಕೆಂದು ತಿಳಿದಿದ್ದರು. ದಪ್ಪ ಮೊಗ್ಗೂ ಒಂದು ಉಳಿಯಿತು.

ಆಗ ಶರೀಫಾ ಬೀಗೆ ಹೆದರಿಕೆ ಹತ್ತಿತು. “ಒಂದು ಕಡಿ ಕಣ್ಣೂ ಹೋಗೈತೇನೋ ಮಾಸ್ತರ. ನಮಗ ಹೇಳಾಕ ಬರವಲ್ದು ಆಕಿಗೆ.” ತಾಯಿಯ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳಿದಳು. ಮುದುಕಿ ಮಗಳ ಬೆರಳನ್ನು ನೋಡಿ, ಮುಖವನ್ನೂ ನೋಡಿ, ಅಷ್ಟೇ ಬೆರಳು ಎತ್ತಿ ತೋರಿಸಿ, ಹುಚ್ಚಿ ಎನ್ನುವಂತೆ ತಲೆ ಆಡಿಸಿ ಆಚೆ ತಿರುಗಿದಳು.

ಖಾಜಾಸಾಬ್ ರಜಕ್ಕೆ ಬಂದದ್ದು ಆ ಹೊತ್ತಿಗೆ. ಅತ್ತರು, ಬಿಸ್ಕೀಟು, ಕಂಬಳಿ ಎಲ್ಲ ಹಂಚಿದ ಮೇಲೆ ಡಬ್ಬಿಯ ಮಾತು ತೆಗೆದ. “ಶುಕ್ರವಾರ ನಮಾಜು ಮುಗಿಸಿ ಬೊಂಬಾಯಿಗೆ ಹೊಂಡ್ತೀನಿ. ಡಬ್ಬಿ ಕಟ್ಟಿಡ್ರಿ.”

ಗುರುವಾರ ಮಧ್ಯಾಹ್ನ ಶರೀಫಾ ಬೀ ಮಂಚದ ಮೇಲೇ ಹತ್ತಿ ತಾಯಿಯ ಪಕ್ಕ ಕುಳಿತಳು. ಯರ್ರಿಸ್ವಾಮಿ ಶಾಲೆಗೆ ಹೊಟ್ಟೆನೋವೆಂದು ಹೇಳಿಕಳಿಸಿ ಬಂದಿದ್ದ. ಹಮೀದಾ ಬೀ ಎಂದಿನಂತೆ ಕಿತ್ತಳು. ಎಂದಿನಂತೆ ಒಂದು ಉಳಿಯಿತು. ಪರದೆಯ ಕೈ ಬಂದು ಅದರ ಮೇಲೆ ನಿಂತಿತು.

“ಒತ್ತಮ್ಮಾ.”

ಮುದುಕಿ ಒತ್ತಲಿಲ್ಲ.

“ಅಮ್ಮಾ, ಅಲ್ಲೇ ಐತಿ ನೋಡು. ಒತ್ತು. ನಾಳಿ ಒಯ್ತಾರ ಇದನ್ನ.” ಮಗಳು ತಾಯಿಯ ಬೆರಳಿನ ಮೇಲೆ ತನ್ನ ಬೆರಳಿಟ್ಟು ಜೋರಾಗಿ ಒತ್ತಿದಳು. ಮೊಗ್ಗು ಬುಟ್ಟಿಗೆ ಬಿತ್ತು. ಗಿಡ ಬೋಳಾಯಿತು.

ಹಮೀದಾ ಬೀಯ ಎಡಗೈ ಗುಂಡಿಯಿಂದ ಎದ್ದು ಮಗಳ ಮುಂಗೈ ಮೇಲೆ ಫಟ್ಟೆಂದು ಬಿತ್ತು. ಲಕ್ವ ಹೊಡೆದ ಮೇಲೆ ಆ ಕೈಯಲ್ಲಿ ಅಷ್ಟು ಬಲ ಯಾರೂ ಕಂಡಿರಲಿಲ್ಲ. ಗಂಟಲಲ್ಲಿ ಏನೋ ಕಟ್ಟಿ, ಬಿಚ್ಚಿ, ಹೊರಗೆ ಬಂತು.

“ಗಿ... ಗಿಡಕ್ಕ ಒಂದು.”

ಶರೀಫಾ ಬೀ ಪೆಟ್ಟು ತಿಂದ ಕೈಯನ್ನು ಹಾಗೇ ಹಿಡಿದು ಕುಳಿತಳು. ಮಾತಾಡಿದ್ದು ಮಾಸ್ತರನ ಜೊತೆಗಾದರೂ ನೋಡುತ್ತಿದ್ದದ್ದು ತಾಯಿಯನ್ನು.

“ನಮ್ಮ ತ್ವಾಟದಾಗ ಗಿಡ ಬರಿದು ಮಾಡಂಗಿಲ್ರಿ. ಗಿಡಕ್ಕೊಂದು ಮೊಗ್ಗು ಬಿಟ್ಟಽ ಮುಂದ ಹೋಗ್ಬೇಕು. ಅದು ಗಿಡದ ಪಾಲು, ಅಲ್ಲೇ ಅರಳಬೇಕು. ಸಣ್ಣಾಕಿ ಇದ್ದಾಗ ಒಂದು ಗಿಡ ಬೋಳು ಮಾಡಿದ್ದೆ ಅಂತ ಇಕಿ ಕಿವಿ ಹಿಂಡಿದ್ಲು. ನಾನಽ ಮರ್ತೀನಿ.” ಆಮೇಲೆ ಉರ್ದುವಿನಲ್ಲಿ ತಾಯಿಗೆ ಏನೋ ಅಂದಳು. ಮುದುಕಿ, ತಾನೇ ಹೊಡೆದ ಜಾಗವನ್ನು ಬೆರಳಿನಿಂದ ಸವರಿದಳು.

ಯರ್ರಿಸ್ವಾಮಿ ಬರೆದ ಆಟದಲ್ಲಿ, ಗಿಡದಲ್ಲಿ ಸೊನ್ನೆ ಮೊಗ್ಗು ಉಳಿದರೆ ಮಾತ್ರ ಮುಂದಿನ ಗಿಡ ಎಂದಿತ್ತು. ಸೊನ್ನೆ ತೆಗೆದು ಒಂದು ಹಾಕಿದರೆ ಸಾಕು. ಇಷ್ಟು ದಿನ ಸ್ಪ್ರಿಂಗು, ವೇಗ, ದಾರ ಎಂದು ಹೆಣಗಿದ್ದಕ್ಕೆ ಇಷ್ಟೇ ಮದ್ದು. ಅವನು ಗುಂಡಿಯ ಮೇಲೆ ಬೆರಳಿಟ್ಟ, ಕರೆಂಟು ಹೋಯಿತು.

ಕರೆಂಟು ಸಂಜೆಗೂ ಬರಲಿಲ್ಲ. ಶುಕ್ರವಾರ ಬೆಳಗಾದರೂ ಬರಲಿಲ್ಲ. ಖಾಜಾಸಾಬ್ ನಮಾಜು ಮುಗಿಸಿ, ಹಗ್ಗ, ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದ.

“ಭಾಯಿ, ನಮ್ಮಮ್ಮ ಬುಟ್ಟಿ ಬಸ್ಸಿಗೆ ಹಾಕೋತನಕ ಡಬ್ಬಿ ಮುಟ್ಟಬ್ಯಾಡ್ರಿ,” ಅಂದಳು ಶರೀಫಾ ಬೀ.

“ಯಾವ ಬುಟ್ಟಿ? ಯಾವ ಬಸ್ಸು? ಅಲ್ಲಮ್ಮಾ ಶರೀಫಾ, ನನ್ನ ಬಸ್ಸು ಹೋಗ್ತೈತಲ್ಲ!”

ಮಾಬುಸಾಬ್ ಅಂಗಡಿಯಿಂದ ಹೊರಬಿದ್ದ. ಸೈಕಲ್ ಹತ್ತಿ ಹೋದವನು ಉಚ್ಚಂಗೆಪ್ಪನ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಕ್ಯಾರಿಯರಿಗೆ ಕಟ್ಟಿಕೊಂಡು ಬಂದ. ಅಂಗಡಿಯಲ್ಲಿ ಬ್ಯಾಟರಿಯ ಮೇಲೂ ಓಡುವ ಚಿಕ್ಕ ಟಿ.ವಿ. ಒಂದಿತ್ತು. ಅದಕ್ಕೊಂದು ವೈರು, ಡಬ್ಬಿಗೊಂದು, ಟೇಪ್ ರೆಕಾರ್ಡರಿಗೊಂದು ಎಳೆದ. ಬೆವರು ಸುರಿಯುತ್ತಿತ್ತು. ಹೆಂಡತಿ ಸೆರಗಿನಿಂದ ಅವನ ಹಣೆ ಒರೆಸಿದಳು. ಮಾಸ್ತರ ಮುಂದೆಯೇ ಇದ್ದ, ಭಾವನೂ ಇದ್ದ. ಯಾರಿದ್ದಾರೆ ಎಂದು ಅವಳು ನೋಡಲಿಲ್ಲ.

ಕ್ಯಾಸೆಟ್ಟು ಅತ್ತಿತು, ನಾಯಿ ಕೂಗಿದವು, ತೋಟ ಬಂತು. ಯರ್ರಿಸ್ವಾಮಿ ಸೊನ್ನೆಯನ್ನು ಒಂದು ಮಾಡಿದ. ಟೈಪಿಂಗ್ ಮಾಸ್ತರನಾಗಿ ಅಷ್ಟು ಎಚ್ಚರದಿಂದ ಒಂದು ಅಂಕಿಯನ್ನು ಅವನು ಹಿಂದೆಂದೂ ಹೊಡೆದಿರಲಿಲ್ಲ.

ಹಮೀದಾ ಬೀ ಕಿತ್ತಳು. ಮೊದಲ ಗಿಡದಲ್ಲಿ ಒಂದು ಉಳಿಯಿತು. ಪರದೆಯ ಕೈ ಅಲ್ಲಿ ಕಾಯದೆ ಪಕ್ಕದ ಗಿಡಕ್ಕೆ ಹೋಯಿತು. ಮುದುಕಿ ಒಮ್ಮೆ ಮಗಳ ಕಡೆ ನೋಡಿದಳು. ಮತ್ತೆ ಪರದೆಗೆ ತಿರುಗಿದವಳು ಕಡೆಯ ಗಿಡದ ತನಕ ಕಣ್ಣು ಕದಲಿಸಲಿಲ್ಲ. ಪ್ರತಿ ಗಿಡದ ಮೇಲೂ ಒಂದೊಂದು ಬಿಳಿ ಮೊಗ್ಗು ನಿಂತಿತ್ತು. ಸೂರ್ಯ ಇನ್ನೂ ಅರ್ಧದಲ್ಲೇ ಇದ್ದ. ಕುತ್ತಿಗೆ ಇದ್ದ ಮನುಷ್ಯನೊಬ್ಬ ಬಂದು ಬುಟ್ಟಿ ಹೊತ್ತ, ಬಸ್ಸು ಬಂತು, ಬುಟ್ಟಿ ಮೇಲೇರಿತು. ಬಸ್ಸು ಭರ್ರೆಂದು ಹೊರಟಾಗ ಖಾಜಾಸಾಬ್ ಹಗ್ಗ ಕೆಳಗಿಟ್ಟು, “ವಾರೆವ್ಹಾ!” ಎಂದು ತಾನೇ ಮಾಡಿಸಿದ್ದೇನೋ ಎಂಬಂತೆ ಎಲ್ಲರ ಮುಖ ನೋಡಿದ.

ಬಸ್ಸು ಹೋದ ಮೇಲೆ ಎರಡನೇ ತೋಟ ಬರಬೇಕಿತ್ತು. ಅಲ್ಲಿಗೆ ಯಾರೂ ತಲುಪುವುದಿಲ್ಲ ಎಂಬ ಧೈರ್ಯದಲ್ಲಿ ಮಾಸ್ತರ ಬೇರೆ ತೋಟ ಮಾಡಿಯೇ ಇರಲಿಲ್ಲ, ಮೊದಲಿನದೇ ಮತ್ತೆ ಬರುವಂತೆ ಬಿಟ್ಟಿದ್ದ. ಅವೇ ಗಿಡಗಳು, ಮೈತುಂಬ ಮೊಗ್ಗು. ಹಮೀದಾ ಬೀ ಅದನ್ನು ನೋಡಿ ಗುಂಡಿಯಿಂದ ಕೈ ತೆಗೆದು ಕೌದಿಯೊಳಗೆ ಇಟ್ಟುಕೊಂಡಳು.

“ನಾಳಿ,” ಅಂದಳು. ಈಗಷ್ಟೇ ಕಿತ್ತ ಗಿಡ ಅದೇ ಬೆಳಿಗ್ಗೆ ಮತ್ತೆ ಮೊಗ್ಗು ಬಿಡುವುದಿಲ್ಲವಷ್ಟೇ.

ಆದರೆ ನಾಳೆಯ ಹೊತ್ತಿಗೆ ಡಬ್ಬಿ ಬೊಂಬಾಯಿಯ ದಾರಿಯಲ್ಲಿತ್ತು. ಆಟ ಆಡಿದ್ದರಿಂದ ಹಮೀದಾ ಬೀಯ ಕೈಕಾಲು ಬಂದವು ಎಂದೇನೂ ಅಲ್ಲ. ಕೋಳಿ ಕೂಗುವ ಮುನ್ನ ಎಡಗೈ ಕೌದಿಯ ಮೇಲೆ ಮೊದಲಿನಂತೆಯೇ ಓಡಾಡುತ್ತಿತ್ತು. ಶರೀಫಾ ಬೀ ಆಗ ಎದ್ದು ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ತಾಯಿ ಚಿವುಟಿ ಹಾಕಿದ್ದಕ್ಕೆ ಅಂಗೈ ಒಡ್ಡುತ್ತಿದ್ದಳು. ಮುಂದಿನ ಹೂವಿನ ಕಾಲ ಬರುವ ಮೊದಲೇ ಮುದುಕಿ ತೀರಿಕೊಂಡಳು.

ಆಟ ಮಾಡುವ ಕೆಲಸ ಅಲ್ಲಿಗೆ ನಿಂತಿತು. ಮಾಬುಸಾಬ್ ಬೋರ್ಡಿನ ಕೆಳಗಿನ ಸಾಲನ್ನು ಅಳಿಸಲಿಲ್ಲ, ಮಳೆ ಬಿಸಿಲೇ ಆ ಕೆಲಸ ಮಾಡುತ್ತಿದೆ. ಮಲ್ಲಿಗೆ ತೋಟದ ಕ್ಯಾಸೆಟ್ಟಿನ ಮೇಲೆ ಅವನು ಯಾರದೋ ಮದುವೆಗೆ ಹಾಡು ತುಂಬಿಸಿಕೊಟ್ಟ. ಅದನ್ನು ಓಡಿಸುವ ಡಬ್ಬಿಯೇ ಇಲ್ಲದ ಮೇಲೆ ಶರೀಫಾ ಬೀಯೂ ಬೇಡ ಅನ್ನಲಿಲ್ಲ. ಅವಳು ಮತ್ತೆ ಗಿಳಿ, ನವಿಲಿಗೆ ಮರಳಿದ್ದಾಳೆ. ಯರ್ರಿಸ್ವಾಮಿ ಟೈಪಿಂಗ್ ಶಾಲೆಯಲ್ಲೇ ಇದ್ದಾನೆ, ತಂಡದ ಮೇಲೆ ತಂಡ ಬರುತ್ತಿದೆ.

ಮೊನ್ನೆ ಒಂದು ಸಂಜೆ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅವನು ಕೇಳಬಾರದ್ದನ್ನು ಕೇಳಿಬಿಟ್ಟ. ಎಷ್ಟೋ ದಿನದಿಂದ ಕೊರೆಯುತ್ತಿದ್ದ ಮಾತು, ಬಾಯಿ ತಪ್ಪಿ ಬಂತು.

“ಆಪಾ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮಮ್ಮ ಅವತ್ತು ಖರೇನ ಹೂ ಕಿತ್ತಂಗ ಅನ್ಕೊಂಡು ಆಡಿದ್ರಾ? ಇಲ್ಲಾ ನಿಮ್ಮ ಸಲುವಾಗಿ ಸುಮ್ನ ಆಡಿದ್ರಾ?”

ಮಾಬುಸಾಬ್ ಬೆಸುಗೆ ಕಡ್ಡಿ ಹಿಡಿದ ಕೈ ನಿಲ್ಲಿಸಿದ. ಶರೀಫಾ ಬೀ ಬಟ್ಟೆಯಿಂದ ಕಣ್ಣೆತ್ತಲಿಲ್ಲ.

“ನನ್ನ ಸಲುವಾಗಿ,” ಅಂದಳು. “ಆ ಮೊಗ್ಗು ನೋಡಿದ್ರಿಲ್ಲೋ? ಹುರಿದ ಜ್ವಾಳದ ಅಳ್ಳು ಇದ್ದಂಗ ಇದ್ವು. ಹೂ ಕಿತ್ತಾಕಿ ಅವನ್ನ ಮಲ್ಲಿಗಿ ಅಂತಾಳೇನು?”